ಕಟಕೋಳದ ಕರೆವ್ವನ ಹಾಜರಿ

ಪರಪ್ಪಾ, ಮೊದಲು ನಿನಗೇ ಹೇಳುತ್ತೇನೆ. ನಿನ್ನೆ ನಮ್ಮ ಮನೆತನದ ಗ್ರೂಪಿನಲ್ಲಿ ‘ಕಾಕಾಗ ವಯಸ್ಸಾಗೇತಿ, ಕಟಕೋಳದಾಗ ಬಿಳಿ ಮಂದಿ ಎಲ್ಲಿ ಇದ್ದರು’ ಅಂತ ಬರೆದು ಕೆಳಗೆ ನಗುವ ಮುಖ ಬೇರೆ ಹಾಕಿದ್ದೀ. ನಿನ್ನ ಹಿಂದೆ ನಾಲ್ಕು ಮಂದಿ ಅದೇ ಮುಖ ಹಾಕಿದರು. ಇವತ್ತು ಬೆಳಿಗ್ಗೆ ಬಿಪಿ ಗುಳಿಗೆ ನುಂಗಿದೆನೋ ಇಲ್ಲವೋ ಅಂದರೆ ಸೊಸೆಯನ್ನು ಕೇಳಬೇಕು, ಅದನ್ನು ಒಪ್ಪುತ್ತೇನೆ. ಆದರೆ ಎಪ್ಪತ್ತೈದನೇ ಇಸವಿಯಲ್ಲಿ ನನ್ನ ಟೇಬಲ್ಲಿನ ಎಡಗಡೆಯ ಖಾನೆಯಲ್ಲಿ ಏನಿತ್ತು ಅಂತ ಕೇಳು. ನೇರಳೆ ಮಸಿಯ ಪ್ಯಾಡು, ಎರಡು ಶಿಕ್ಕಾ, ಒಂದು ಮುರಿದ ಹಣಿಗೆ, ಮತ್ತೆ ಆ ಇಬ್ಬರು ಬಿಳಿ ಮಂದಿಯ ಫೈಲು. ಮರೆಯಬೇಕು ಅಂತ ಇಷ್ಟು ವರ್ಷ ಒದ್ದಾಡಿದವನಿಗೆ ಮರೆವು ಬಂದಿದೆ ಅನ್ನುತ್ತೀರಲ್ಲ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಧ್ವನಿ ತುಂಬುವ ಈ ಗುಂಡಿ ಒತ್ತಿ ಹಿಡಿದು ನನ್ನ ಹೆಬ್ಬೆರಳು ನೋಯುತ್ತದೆ. ನಡುವೆ ತುಂಡಾದರೆ ಮುಂದಿನದನ್ನು ಒತ್ತಿ. ಅರ್ಧ ಕೇಳಿ ಎದ್ದು ಹೋಗಬೇಡಿ.

ನನಗಾಗ ಇಪ್ಪತ್ತೆಂಟು. ಸಂಪಗಾಂವದಲ್ಲಿ ಹುಟ್ಟಿ, ಬೈಲಹೊಂಗಲದಲ್ಲಿ ಮ್ಯಾಟ್ರಿಕ್ ಮುಗಿಸಿ, ರಾಮದುರ್ಗದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ. ಕೆಟ್ಟದ್ದು ಮಾಡಿದವನು ನಾನು, ಕಚೇರಿಯ ಹೆಸರು ಯಾಕೆ. ನಾನಿನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದ ಗುಮಾಸ್ತ ಅಂದರೆ ಏನು ಅಂತ ಈಗಿನವರಿಗೆ ತಿಳಿಯುವುದಿಲ್ಲ. ಸಾಹೇಬರು ಸೀನಿದರೂ ತನ್ನದೇ ತಪ್ಪು ಅಂದುಕೊಂಡು ಎದ್ದು ನಿಲ್ಲುವವನು.

ಹೊಸಬ ಅಂತ ನನಗೆ ಯಾರಿಗೂ ಬೇಡವಾದ ಕೆಲಸಗಳನ್ನು ಕೊಟ್ಟಿದ್ದರು. ಅದರಲ್ಲಿ ಹೊರದೇಶದವರ ದಫ್ತರ ಒಂದು. ಇಡೀ ತಾಲೂಕಿಗೆ ಹೊರದೇಶದವರು ಇಬ್ಬರೇ, ಒಬ್ಬ ಗಂಡ, ಒಬ್ಬ ಹೆಂಡತಿ. ಡೆನ್ಮಾರ್ಕ್ ದೇಶದವರು. ಅವನ ಹೆಸರು ನೀಲ್ಸ್, ಅವಳದು ಕಾರೆನ್. ಅಲ್ಲಿಯ ಒಂದು ಸಂಘದ ಕಡೆಯಿಂದ ಎಪ್ಪತ್ತರಲ್ಲಿ ಬಂದು, ಬೋರಿನ ಕೈಪಂಪು ಕೂಡಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು, ಇಷ್ಟೇ ಅವರ ಉದ್ಯೋಗ. ಕಟಕೋಳದ ಲಗಮಣ್ಣನ ಮನೆಯ ಮುಂದಿನ ಎರಡು ಖೋಲಿಯಲ್ಲಿ ಇದ್ದರು. ಊರಿನವರು ಅವನನ್ನು ನೀಲಪ್ಪ ಮಾಡಿದರು, ಅವಳನ್ನು ಕರೆವ್ವ. ಹಾಲಿನಂಥ ಬಿಳಿ ಹೆಂಗಸಿಗೆ ಕರೆವ್ವ. ಅರ್ಥ ತಿಳಿದ ದಿನ ಅವಳು ಪಂಪಿನ ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕಳಂತೆ. ಲಗಮಣ್ಣ ತನ್ನ ಪಾಡಿಗೆ ಡೆನ್ಮಾರ್ಕನ್ನು ದನಮಾರ್ಕ ಅಂತ ತಿಳಿದುಕೊಂಡಿದ್ದ. ದನ ಮಾರುವ ಊರು, ನಮ್ಮ ಸಂತೆಯ ಹಾಗೆ ದೊಡ್ಡ ಸಂತೆ ಕೂಡುವ ಜಾಗ ಇರಬೇಕು ಅಂತ. ಅಲ್ಲಿ ಎತ್ತಿನ ಜೋಡಿ ಹೇಗೆ ನಡೆದಿದೆ ಅಂತ ಕೇಳುತ್ತಲೇ ಇದ್ದ.

ಮೂರು ತಿಂಗಳಿಗೊಮ್ಮೆ ಅವರು ಕಟಕೋಳದ ಬಸ್ಸು ಹತ್ತಿ ರಾಮದುರ್ಗಕ್ಕೆ ಬಂದು ನನ್ನ ಮುಂದೆ ಹಾಜರಿ ಹಾಕಬೇಕು. ಇದ್ದೇವೆ, ಇಲ್ಲೇ ಇದ್ದೇವೆ, ಊರು ಬಿಟ್ಟಿಲ್ಲ ಅಂತ ಸಹಿ. ಅಷ್ಟೇ. ಫಾರ್ಮಿನ ಮೇಲೆ ಇನ್ನೂ ಮೈಸೂರು ಸರಕಾರ ಅಂತ ಅಚ್ಚಾಗಿತ್ತು. ಅದನ್ನು ಹೊಡೆದು ಹಾಕಿ ಕರ್ನಾಟಕ ಅಂತ ಕೈಯಲ್ಲಿ ಬರೆಯುವುದು ನನ್ನ ಮೊದಲ ಕೆಲಸ. ತಾಲೂಕು ದಾಟಿ ಹೋಗಿದ್ದರೆ ಎಲ್ಲಿಗೆ, ಯಾಕೆ ಅಂತ ಬರೆಯುವ ಒಂದು ಕಲಮು ಇತ್ತು. ಒಮ್ಮೆ ಲಗಮಣ್ಣನ ಹೆಂಡತಿ ರಾಯವ್ವನ ಜೊತೆ ಸವದತ್ತಿಗೆ ಹೋಗಿ ಬಂದಿದ್ದಳು. ಹೋದ ಕಾರಣ ಎನ್ನುವಲ್ಲಿ ‘ರಾಯವ್ವ ಕರೆದಳು’ ಅಂತ ಬರೆದಳು. ನಾನು ಅದರ ಮೇಲೆ ಶಿಕ್ಕಾ ಹೊಡೆದೆ. ಅದಕ್ಕಿಂತ ಒಳ್ಳೆಯ ಕಾರಣ ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ಬರೆಯಲಿಲ್ಲ.

ನನ್ನ ಹೆಸರಿನಲ್ಲಿ ಯಮ ಇದ್ದಾನೆ ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ಅಂದಿನಿಂದ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು:

“ಯಮನಪ್ಪನವರ, ಇನ್ನೂ ಜೀವಂತ ಅದೇನ್ರಿ. ಬರಕೊಳ್ರಿ.”

ಕಚೇರಿಯೆಲ್ಲ ನಗುತ್ತಿತ್ತು. ನೀಲಪ್ಪ ಮಾತ್ರ ಬಾಯಿ ಬಿಡುವವನಲ್ಲ. ಬೆಂಚಿನ ಮೇಲೆ ಕುಳಿತು, ನಮ್ಮ ಕಚೇರಿಯ ಹಿಂದಿನ ಪಂಪಿನ ಕಿರಗುಟ್ಟುವ ಸಪ್ಪಳ ಕೇಳಿ, ಎದ್ದು ಹೋಗಿ ಅದರ ಚರ್ಮದ ವಾಸರು ಬದಲಿ ಮಾಡಿ ಬರುತ್ತಿದ್ದ. ಹೇಳಿದವರು ಯಾರೂ ಇಲ್ಲ.

ಎಪ್ಪತ್ತೈದರ ಫೆಬ್ರವರಿಯಲ್ಲಿ ಅವನು ಸತ್ತ. ಕಾಮಾಲೆ. ಮೂರೇ ವಾರ. ಲಗಮಣ್ಣ ತನ್ನ ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಜಾಗ ಕೊಟ್ಟ. ಮುಂದಿನ ಹಾಜರಿಗೆ ಅವಳು ಒಬ್ಬಳೇ ಬಂದಳು. ನಾನು ಏನು ಹೇಳಬೇಕು ಅಂತ ತಿಳಿಯದೆ ಅವನ ಕಾರ್ಡು ಕೇಳಿದೆ, ಯಾಕೆಂದರೆ ಸತ್ತವರ ಕಾರ್ಡು ವಾಪಸು ಪಡೆಯಬೇಕು ಅಂತ ನಿಯಮ. ಕೊಟ್ಟಳು. ಅಂದು ಬಾಗಿಲಲ್ಲಿ ನಿಂತು ಆ ಮಾತು ಹೇಳಲಿಲ್ಲ.

ಅವಳಿಗೆ ಪರವಾನಗಿ ಇದ್ದದ್ದು ಗಂಡನ ಕೆಲಸದ ಮೇಲೆ. ಅದು ಆಗಸ್ಟಿಗೆ ಮುಗಿಯುತ್ತಿತ್ತು. ಇಲ್ಲೇ ಇರಬೇಕು ಅಂತ ಅವಳ ಮನಸ್ಸು. ವಾಪಸು ಹೋದರೆ ಅಲ್ಲಿ ಯಾರೂ ಇಲ್ಲ ಅಂತ ಅಲ್ಲ, ಒಬ್ಬ ತಮ್ಮ ಇದ್ದ. ಆದರೆ ಐದು ವರ್ಷದಲ್ಲಿ ಅವಳು ಇಲ್ಲಿಯವಳಾಗಿದ್ದಳು. ಗಂಡನ ರಿಪೇರಿ ಸಾಮಾನಿನ ಪಾನಾ ಚೀಲ ಹೆಗಲಿಗೆ ಹಾಕಿಕೊಂಡು ಎಂಟು ಹಳ್ಳಿಯ ಪಂಪು ತಾನೇ ನೋಡುತ್ತಿದ್ದಳು. ಉಣ್ಣುವುದು ರಾಯವ್ವನ ಒಲೆಯ ಮುಂದೆ. ಹೊಸ ಪರವಾನಗಿಗೆ ಅರ್ಜಿ ಹಾಕಿದಳು, ಸಂಘಕ್ಕೂ ಪತ್ರ ಬರೆದಳು. ಅರ್ಜಿಯ ಮೇಲೆ ಸ್ಥಾನಿಕ ಚೌಕಾಶಿ, ಅಂದರೆ ಊರಿನಲ್ಲಿ ವಿಚಾರಣೆ ಮಾಡಿ ವರದಿ ಕಳಿಸಿರಿ ಅಂತ ಬೆಳಗಾವಿಯಿಂದ ಕಾಗದ ಬಂತು. ನಾನು ಅದನ್ನು ಕಟಕೋಳದ ಲೆಕ್ಕಪತ್ರ ನೋಡುವ ತಲಾಠಿ ಮಡಿವಾಳೆಪ್ಪನಿಗೆ ಕಳಿಸಿದೆ.

ಈಗ ಇಲ್ಲಿ ನಮ್ಮ ಮಂದಿಯ ಒಂದು ಪದ್ಧತಿ ಹೇಳಬೇಕು. ಸರಕಾರಕ್ಕೆ ಏನೇ ಬರೆದರೂ ನಾವು ನಮ್ಮನ್ನು ಎಷ್ಟು ಸಣ್ಣವರು ಮಾಡಿಕೊಳ್ಳಲು ಬರುತ್ತದೋ ಅಷ್ಟು ಮಾಡಿಕೊಳ್ಳುತ್ತೇವೆ. ವಿಧವೆಯ ಪಗಾರಿರಲಿ, ಮನೆಯ ಜಾಗವಿರಲಿ, ಹೊಟ್ಟೆಗೆ ಇಲ್ಲ, ಬಟ್ಟೆಗೆ ಇಲ್ಲ, ನೀವೇ ತಾಯಿ ತಂದೆ. ಹಾಗೆ ಬರೆಯದಿದ್ದರೆ ಕಾಗದ ಮುಂದೆ ಸರಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಲಗಮಣ್ಣ ಐದು ಮಂದಿ ಪಂಚರನ್ನು ಕೂಡಿಸಿ, ತಾನೇ ಹೇಳಿ ತಲಾಠಿಯಿಂದ ಪಂಚನಾಮೆ ಬರೆಸಿದ. ಒಂದೊಂದು ಅಕ್ಷರ ನೆನಪಿದೆ, ಕೇಳಿ: ‘ಸದರಿ ಕರೆವ್ವ ಕೋಂ ನೀಲಪ್ಪ, ವಯಾ ೫೧, ಇವಳು ಗಂಡನಿಲ್ಲದವಳು, ಮಕ್ಕಳಿಲ್ಲದವಳು, ಪರದೇಶಿ ಇರುತ್ತಾಳೆ. ಕಾರಣ ಮಾಯಬಾಪ ಸರಕಾರವು ದಯಾ ಮಾಡಿ ಇವಳನ್ನು ಕಟಕೋಳದಲ್ಲಿಯೇ ಇರಗೊಡಬೇಕು.’ ಕೆಳಗೆ ಐದು ಸಹಿ, ಅದರಲ್ಲಿ ಮೂರು ಹೆಬ್ಬೆಟ್ಟು. ಮೊದಲನೆಯ ಸಹಿ ಲಗಮಣ್ಣನದು.

ಪರದೇಶಿ. ನಮ್ಮಲ್ಲಿ ಈ ಶಬ್ದ ಯಾರಿಗೆ ಅನ್ನುತ್ತೇವೆ ಅಂತ ನಿಮಗೆ ಗೊತ್ತು. ತಾಯಿ ತಂದೆ ಸತ್ತ ಕೂಸಿಗೆ ಪರದೇಶಿ ಅನ್ನುತ್ತೇವೆ. ಯಾರೂ ಇಲ್ಲದ ಮುದುಕಿಗೆ ಪರದೇಶಿ ಅನ್ನುತ್ತೇವೆ. ಬೇರೆ ದೇಶದವರಿಗೂ ಅದೇ ಶಬ್ದ. ಲಗಮಣ್ಣ ಎರಡನ್ನೂ ಕೂಡಿಸಿಯೇ ಹೇಳಿದ್ದ, ನನಗೆ ಸಂಶಯವಿಲ್ಲ. ಅವನ ಮನಸ್ಸಿನಲ್ಲಿ ಆ ಎರಡು ಬೇರೆ ಆಗಿರಲೇ ಇಲ್ಲ.

ಅದನ್ನು ಇಂಗ್ಲಿಷಿಗೆ ಹಾಕುವುದು ನನ್ನ ಕೆಲಸ. ಫಾರ್ಮಿನಲ್ಲಿ ಜೀವನಕ್ಕೆ ಆಧಾರವೇನು ಅಂತ ಒಂದು ಕಲಮು. ಪಂಚನಾಮೆಯಲ್ಲಿ ಅದರ ಬಗ್ಗೆ ಮಾತೇ ಇಲ್ಲ. ಲಗಮಣ್ಣನ ಮನೆಯಲ್ಲಿ ಇದ್ದಾಳೆ, ಅಲ್ಲೇ ಉಣ್ಣುತ್ತಾಳೆ ಅಂತ ನನಗೆ ಗೊತ್ತಿತ್ತು, ಬರೆಯಬಹುದಿತ್ತು. ಆದರೆ ಪಂಚನಾಮೆಯಲ್ಲಿ ಇಲ್ಲದ್ದನ್ನು ಬರೆದರೆ ಎಲ್ಲಿಂದ ತಂದೆ ಅಂತ ಕೇಳುತ್ತಾರೆ. ಖಾಲಿ ಬಿಟ್ಟರೆ ಕಾಗದ ವಾಪಸು ಬರುತ್ತದೆ. ಆ ವಾರವೇ ಒಂದು ಸರ್ಕ್ಯುಲರಿನಲ್ಲಿ ಹೊಸ ಶಬ್ದವೊಂದನ್ನು ಓದಿ, ಡಿಕ್ಷನರಿಯಲ್ಲಿ ನೋಡಿ, ಬಾಯಿಪಾಠ ಮಾಡಿದ್ದೆ. ಡೆಸ್ಟಿಟ್ಯೂಟ್. ಯಾರ ಆಧಾರವೂ ಇಲ್ಲದವರು, ಗತಿಯಿಲ್ಲದವರು. ಪರದೇಶಿ ಅಂದರೆ ಅದೇ ಅಲ್ಲವೇ. ಹೊರದೇಶದವಳು ಅಂತ ಮೇಲೆ ಅಚ್ಚಿನಲ್ಲೇ ಇದೆ, ಎರಡನೇ ಸಲ ಬರೆದರೆ ದಡ್ಡತನ. ಆ ಕಲಮಿನಲ್ಲಿ ದುಂಡಗೆ ಬರೆದೆ. ಬರೆದು ಸ್ವಲ್ಪ ದೂರ ಹಿಡಿದು ನೋಡಿದೆ. ಚೆನ್ನಾಗಿ ಕಾಣುತ್ತಿತ್ತು. ಸಾಹೇಬರು ಓದದೆ ಸಹಿ ಹಾಕಿದರು. ಬೆಳಗಾವಿಗೆ ಹೋಯಿತು.

ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಜೀವನಕ್ಕೆ ಆಧಾರವಿಲ್ಲದ ಹೊರದೇಶದವರನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಮೂವತ್ತು ದಿನದಲ್ಲಿ ದೇಶ ಬಿಡತಕ್ಕದ್ದು. ನಾನು ಬರೆದ ಆ ಒಂದು ಶಬ್ದವನ್ನೇ ಎತ್ತಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಬರೆದಿದ್ದರು.

ಅವಳಿಗೆ ಒಂದು ಪ್ರತಿ ಅಂಚೆಯಲ್ಲಿ ಹೋಗಿತ್ತು. ಮೂರನೆಯ ದಿನ ಅವಳು, ಲಗಮಣ್ಣ ಇಬ್ಬರೂ ಬಂದರು. ಲಗಮಣ್ಣ ಮದುವೆಗೆ ಸುತ್ತುವ ರುಮಾಲು ಸುತ್ತಿಕೊಂಡು ಬಂದಿದ್ದ. ಕಾಗದವನ್ನು ನನ್ನ ಮುಂದೆ ಇಟ್ಟು ಓದಿ ಹೇಳಿರಿ ಅಂದ. ಅವಳು ಓದಿಕೊಂಡೇ ಬಂದಿದ್ದಳು, ಇಂಗ್ಲಿಷ್ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಆ ಶಬ್ದದ ಮೇಲೆ ಬೆರಳಿಟ್ಟಳು. ಪಂಪಿನ ಗ್ರೀಸು ಹತ್ತಿದ ಉಗುರು.

“ಇದು ಎಲ್ಲಿಂದ ಬಂತ್ರಿ, ಯಮನಪ್ಪನವರ?”

ನಾನು ಬಾಯಿ ತೆರೆಯುವ ಮೊದಲೇ ಲಗಮಣ್ಣ ಕೇಳಿದ, ಏನು ಅದು, ಏನು ಅರ್ಥ. ಅವಳು ಕನ್ನಡದಲ್ಲಿ ಹೇಳಿದಳು. ಅವನು ಬೆಂಚಿನ ಮೇಲೆ ಕುಳಿತುಬಿಟ್ಟ.

“ನಾನ ಬರಸೇನವ್ವಾ. ಪರದೇಶಿ ಅಂತ ನಾನ ಹೇಳಿ ಬರಸಿದ್ದು. ಸರಕಾರಕ್ಕ ಕನಿಕರ ಬರಲಿ ಅಂತ ಹೇಳಿದ್ನಿ.”

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಪರದೇಶಿ ಅಂದರೆ ಎರಡು ಅರ್ಥ ಅಂತ ಐದು ವರ್ಷ ಕಟಕೋಳದಲ್ಲಿ ಇದ್ದವಳಿಗೆ ಗೊತ್ತಿರದೆ ಇರುತ್ತದೆಯೇ. ಎರಡರಲ್ಲಿ ಒಂದನ್ನು ಆರಿಸಿದವರು ಯಾರು ಅಂತಲೂ ತಿಳಿಯಿತು. ನಾನು ಟೇಬಲ್ಲಿನ ಮೇಲಿನ ಬರೆಯುವ ಟಾಕನ್ನು ತೆಗೆದು ಮತ್ತೆ ಅಲ್ಲೇ ಇಟ್ಟೆ. ಹೇಳಬೇಕಾಗಿದ್ದದ್ದು ಆ ಗಳಿಗೆಯಲ್ಲಿ. ನಾನು ಹೇಳಲಿಲ್ಲ.

ಹೇಳದೆ ಜಾಣತನ ಮಾಡಲು ಹೋದೆ. ಎರಡನೇ ಪಂಚನಾಮೆ ಮಾಡಿಸಿರಿ, ಅವಳಿಗೆ ಮನೆ ಇದೆ, ಅನ್ನವಿದೆ, ನಾವು ಸಾಕುತ್ತೇವೆ ಅಂತ ಬರೆಸಿರಿ, ನಾನು ಸರಿಯಾಗಿ ಇಂಗ್ಲಿಷಿಗೆ ಹಾಕಿ ಕಳಿಸುತ್ತೇನೆ ಅಂದೆ. ಲಗಮಣ್ಣನ ಮುಖಕ್ಕೆ ಸ್ವಲ್ಪ ಕಳೆ ಬಂತು. ಒಂದೇ ವಾರದಲ್ಲಿ ಪಂಚನಾಮೆ ತಂದ. ಈ ಸಲ ಐದಲ್ಲ, ಇಪ್ಪತ್ತಮೂರು ಸಹಿ. ಎಂಟೂ ಹಳ್ಳಿಯವು. ಅಷ್ಟು ಮಂದಿ ಒಬ್ಬ ಹೆಂಗಸಿಗೆ ಅನ್ನ ಹಾಕುತ್ತೇವೆ ಅಂತ ಬರೆದುಕೊಟ್ಟ ಕಾಗದವನ್ನು ನಾನು ಮತ್ತೆ ಎಲ್ಲೂ ನೋಡಲಿಲ್ಲ. ಮೂವರೂ ಸಾಹೇಬರ ಮುಂದೆ ಹೋಗಿ ನಿಂತೆವು.

ಆಗ ಎಂಥ ಕಾಲ ಅಂತ ನೆನಪು ಮಾಡಿಕೊಳ್ಳಿ. ತುರ್ತು ಪರಿಸ್ಥಿತಿ ಬಂದು ಮೂರು ತಿಂಗಳಾಗಿತ್ತು. ಚಹಾದ ಅಂಗಡಿಯಲ್ಲಿ ಏನೋ ಅಂದನಂತ ಸವದತ್ತಿ ಕಡೆಯ ಒಬ್ಬ ಮಾಸ್ತರನನ್ನು ಹಿಡಿದುಕೊಂಡು ಹೋಗಿದ್ದರು ಅಂತ ಸುದ್ದಿ. ಸಾಹೇಬರು ಕೆಟ್ಟ ಮನುಷ್ಯರೇನಲ್ಲ, ಆದರೆ ಅವರೂ ಹೆದರಿದ್ದರು. ಹೆದರಿದವನ ಕೈಯಲ್ಲಿ ಅಧಿಕಾರ ಇದ್ದರೆ ಏನಾಗುತ್ತದೆ ಅಂತ ನಿಮಗೆ ಬೇರೆ ಹೇಳಬೇಕೇ. ಎರಡೂ ಪಂಚನಾಮೆ ಪಕ್ಕಪಕ್ಕ ಇಟ್ಟುಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿದರು.

“ಜೂಲೈದಾಗ ಗತಿ ಇಲ್ಲದಾಕಿ. ಸೆಪ್ಟೆಂಬರದಾಗ ಎಲ್ಲಾ ಐತಿ. ಎರಡರಾಗ ಒಂದು ಸುಳ್ಳ ಆಗಬೇಕು. ಸುಳ್ಳ ಪಂಚನಾಮೆಕ್ಕ ಸಹಿ ಹಾಕಿದವರ ಮ್ಯಾಲೆ ಖಟ್ಲೆ ಮಾಡಬೇಕಾಗತೈತಿ. ಮೊದಲಿನ ಐದ ಮಂದಿ ಹೆಸರ ಬರಕೋ, ಯಮನಪ್ಪ.”

ನಾನು ಬರೆದುಕೊಂಡೆ. ಹೌದು, ಬರೆದುಕೊಂಡೆ. ಕೈ ತಾನೇ ಬರೆಯಿತು ಅಂತ ಹೇಳಿದರೆ ನೀವು ನಂಬಬೇಡಿ. ಮೊದಲ ಹೆಸರು ಲಗಮಣ್ಣ. ಅವನು ತಾನೇ ಮುಂದೆ ಬಗ್ಗಿ, ತನ್ನ ತಂದೆಯ ಹೆಸರು, ಅಡ್ಡಹೆಸರು ಸರಿಯಾಗಿ ಹೇಳಿ ಬರೆಸಿದ. ಖಟ್ಲೆಯಾದರೆ ಆಗಲಿ, ಇವಳು ಇರಲಿ ಅಂತ ಅವನ ಲೆಕ್ಕ. ಎರಡನೇ ಹೆಸರು ಬರೆಯುವಾಗ ಕರೆವ್ವ ಕೈ ಚಾಚಿ ಸಾಹೇಬರ ಮುಂದಿನಿಂದ ಎರಡನೇ ಪಂಚನಾಮೆ ಎತ್ತಿಕೊಂಡಳು.

“ಈ ಕಾಗದಾ ನಾವು ಕೊಟ್ಟಿಲ್ರಿ ಸಾಹೇಬ್ರ. ನಾ ಹೋಗತೇನಿ.”

ಲಗಮಣ್ಣ ಅವಳ ಕೈಯಿಂದ ಕಸಿದುಕೊಳ್ಳಲು ಹೋದ. ಅವಳು ಆ ಇಪ್ಪತ್ತಮೂರು ಸಹಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಾನಾ ಚೀಲದಲ್ಲಿ ಹಾಕಿಕೊಂಡಳು.

“ಬ್ಯಾಡ ಅಣ್ಣಾ. ಐದ ಮನಿ ಒಲಿ ಆರಿಸಿ ನಾ ಎಲ್ಲೆ ಕುಂತ ಉಣ್ಣಲಿ?”

ಸಾಹೇಬರು ನನ್ನ ಕಡೆ ನೋಡಿ ಹೆಸರು ಬರೆದ ಕಾಗದ ಹರಿಯುವಂತೆ ಕೈಸನ್ನೆ ಮಾಡಿದರು. ಅವರು ಮಾಡಬಹುದಾದ ಉಪಕಾರ ಅಷ್ಟೇ ಇತ್ತು, ಮಾಡಿದರು. ಹರಿದೆ. ಲಗಮಣ್ಣ ಅಂಗಳಕ್ಕೆ ಬಂದು ಆ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಬರುವ ತನಕ ಕುಳಿತಿದ್ದ. ಅವನಿಗೆ ನೀರು ಕೊಟ್ಟೆ. ನೀರು ಕೊಟ್ಟವನಿಗೆ ಸತ್ಯ ಹೇಳಲು ಎಷ್ಟು ಹೊತ್ತು ಬೇಕು?

ಅಕ್ಟೋಬರ್ ಎಂಟಕ್ಕೆ ಕೊನೆಯ ಹಾಜರಿ. ಊರು ಬಿಡುವವರು ಬಂದು ಕಾರ್ಡು ಒಪ್ಪಿಸಿ, ಹೊರಟೆ ಅಂತ ಸಹಿ ಹಾಕಿ ಹೋಗಬೇಕು. ಒಂದು ಕಬ್ಬಿಣದ ಟ್ರಂಕು, ಒಂದು ಕೌದಿ. ಕೌದಿ ರಾಯವ್ವ ಹೊಲಿದು ಕೊಟ್ಟದ್ದು. ಲಗಮಣ್ಣ ಹೊರಗೆ ಟ್ರಂಕಿನ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ಕಾರ್ಡಿನಲ್ಲಿ ಹೋದ ಕಾರಣ ಎನ್ನುವ ಕಲಮು ತುಂಬಲು ಟಾಕು ಕೊಟ್ಟೆ. ಬಹಳ ಹೊತ್ತು ನೋಡಿದಳು. ಏನೂ ಬರೆಯಲಿಲ್ಲ. ಖಾಲಿ ಬಿಟ್ಟರೆ ಆಕ್ಷೇಪಣೆ ಬರುತ್ತದೆ ಅನ್ನುವ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಶಿಕ್ಕಾ ಹೊಡೆದೆ.

ಎದ್ದು ನಿಂತು, ಹೊರಗಿನವರಿಗೆ ಕೇಳದ ಹಾಗೆ ಹೇಳಿದಳು:

“ಅಂವಾ ತನ್ನದ ತಪ್ಪ ಅನಕೊಂಡಾನ. ಅವಗ ಹೇಳ್ರಿ. ಇವತ್ತ ಬ್ಯಾಡ, ನಿಮ್ಮ ನೌಕರಿ ಹೋಗತೈತಿ. ಕಾಯಂ ಆದ ಮ್ಯಾಲೆ ಹೇಳ್ರಿ.”

ನಾನು ಆಗಲಿ ಅಂತ ತಲೆ ಅಲ್ಲಾಡಿಸಿದೆ.

ಅವಳು ಹೋದ ಹನ್ನೊಂದು ದಿನಕ್ಕೆ ಡೆನ್ಮಾರ್ಕಿನ ಸಂಘದಿಂದ ಪತ್ರ ಬಂತು. ಗಂಡನ ಜಾಗದಲ್ಲಿ ಅವಳನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ, ಪರವಾನಗಿ ಮುಂದುವರಿಸಿರಿ ಅಂತ. ಸಾಹೇಬರಿಗೆ ತೋರಿಸಿದೆ. ಮುಗಿದ ಪ್ರಕರಣ, ಫೈಲಿಗೆ ಹಾಕು ಅಂದರು. ಸೂಜಿಯಲ್ಲಿ ತೂತು ಮಾಡಿ, ದಾರ ಪೋಣಿಸಿ, ಫೈಲಿಗೆ ಹಾಕಿದೆ. ಮುಂದಿನ ಬೇಸಿಗೆಗೆ ಎಂಟು ಹಳ್ಳಿಯಲ್ಲಿ ಆರು ಪಂಪು ಕೆಟ್ಟವು ಅಂತ ಕೇಳಿದೆ.

ಎಪ್ಪತ್ತೇಳರಲ್ಲಿ ನಾನು ಕಾಯಂ ಆದೆ. ಪೇಢೆ ಹಂಚಿದೆ. ಕಟಕೋಳಕ್ಕೆ ಹೋಗಬೇಕು ಅಂತ ಎರಡು ಸಲ ಬಸ್ ಸ್ಟ್ಯಾಂಡಿನ ತನಕ ಹೋದೆ, ಬಸ್ಸು ಹತ್ತಲಿಲ್ಲ. ಮರುವರ್ಷ ಕಿತ್ತೂರಿಗೆ ವರ್ಗ ಆಯಿತು. ಅಲ್ಲಿ ಒಂದು ಮದುವೆಗೆ ಲಗಮಣ್ಣ ಬಂದಿದ್ದ. ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೇ ಕುಳಿತ. ಗುರುತು ಹಿಡಿದು ಮಾತಾಡಿಸಿದ. ಆ ಕರೆವ್ವನ ಪತ್ರ ಬರುತ್ತದೆಯೇ ಅಂತ ಕೇಳಿದೆ. ವರ್ಷಕ್ಕೊಂದು ಬರುತ್ತದೆ, ಸಾಲಿಯ ಮಾಸ್ತರ ಓದಿ ಹೇಳುತ್ತಾನೆ ಅಂದ. ಆಮೇಲೆ ಹೇಳಿದ, ತಾನು ಈಗ ಯಾವ ಕಾಗದಕ್ಕೂ ಪಂಚನಾಗಿ ಸಹಿ ಮಾಡುವುದಿಲ್ಲವಂತೆ. ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿಗೂ ಮಾಡಲಿಲ್ಲವಂತೆ, ಅದರಿಂದ ಮನೆಯವರು ಮಾತು ಬಿಟ್ಟಿದ್ದರು.

“ನನ್ನ ಸಹಿ ಒಂದ ಮನಿ ಕೆಡಸೇತ್ರಿ ಯಮನಪ್ಪನವರ. ಮತ್ತೊಂದ ಯಾಕ.”

ನನ್ನ ಕೈಯಲ್ಲಿ ಹೋಳಿಗೆ ತುತ್ತು ಇತ್ತು. ಉಂಡೆ. ತುಪ್ಪ ಹಾಕಿಸಿಕೊಂಡೆ. ನಾನು ಹಾಗೆ ಇದ್ದೆ, ಮುಚ್ಚಿಡುವುದರಲ್ಲಿ ಏನಿದೆ. ಹತ್ತು ವರ್ಷದ ಮೇಲೆ ಅವನು ಸತ್ತ ಸುದ್ದಿಯನ್ನು ಬಸ್ಸಿನಲ್ಲಿ ಯಾರೋ ಹೇಳಿದರು.

ಅವನ ಮಗಳು ಇಂದ್ರವ್ವ ಇನ್ನೂ ಇದ್ದಾಳೆ, ಕಟಕೋಳದಲ್ಲೇ. ನಂಬರು ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಫೋನು ಹಚ್ಚುತ್ತಿದ್ದೆನೋ ಇಲ್ಲವೋ. ಪರಪ್ಪಾ, ನಿನ್ನ ಹೆಂಡತಿಯ ತವರು ಆ ಕಡೆಯದೇ ಅಲ್ಲವೇ. ಯಾರನ್ನಾದರೂ ಹಿಡಿದು ಅವಳ ಮಗನ ಫೋನಿಗೆ ಇದನ್ನು ಮುಟ್ಟಿಸು. ಅವಳಿಗೆ ಕಿವಿ ಮಂದ ಅಂತ ಕೇಳಿದ್ದೇನೆ, ದೊಡ್ಡ ಧ್ವನಿಯಲ್ಲಿ ಹಚ್ಚಲು ಹೇಳು, ಓಣಿಯವರು ಕೇಳಿದರೆ ಕೇಳಲಿ. ಆ ಶಬ್ದ ಆರಿಸಿದವನು ನಾನು, ನಿಮ್ಮ ಅಪ್ಪ ಅಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಉಳಿದವರೂ ನಿಮಗೆ ಬೇಕಾದವರಿಗೆ ಹೇಳಿ, ನನ್ನ ಹೆಸರು ಸಮೇತ ಹೇಳಿ. ಆದರೆ ಮೊದಲು ಇಂದ್ರವ್ವನಿಗೆ.